ಪ್ರೇರಿ ಬಯಲಿನ ಉಕ್ರೇನ್

ಕೆನಡಾದ ಎಡ್ಮಂಟನ್‌ನಿಂದ ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆ ಊರು ಮುಗಿದು ಗೋಧಿ, ಕನೋಲಾ ಹೊಲಗಳು ಶುರುವಾಗುತ್ತವೆ. ಮನೆಗಳು ವಿರಳ. ಆದರೆ ಅಲ್ಲಲ್ಲಿ ಈರುಳ್ಳಿಯಾಕಾರದ ಗುಮ್ಮಟ ಹೊತ್ತ ಪುಟ್ಟ ಚರ್ಚುಗಳು ಕಾಣುತ್ತಲೇ ಇರುತ್ತವೆ. ವೆಗ್ರೆವಿಲ್ ಪಟ್ಟಣದಲ್ಲಿ ಮೂವತ್ತಡಿ ಎತ್ತರದ ಬಣ್ಣದ ಮೊಟ್ಟೆಯೊಂದು 1975ರಿಂದ ಗಾಳಿ ಬಂದತ್ತ ತಿರುಗುತ್ತ ನಿಂತಿದೆ. ಉಕ್ರೇನಿಯನ್ನರು ಈಸ್ಟರ್‌ಗೆ ಜೇನುಮೇಣದಲ್ಲಿ ಗೆರೆ ಬರೆದು, ಬಣ್ಣದಲ್ಲಿ ಅದ್ದಿ ಮಾಡುವ ಪಿಸಂಕಾದ ದೊಡ್ಡ ರೂಪ ಅದು.

ರಷ್ಯಾ–ಉಕ್ರೇನ್ ಯುದ್ಧ ಶುರುವಾದ ಮೇಲೆ ಊರಿನಿಂದ ಫೋನ್ ಮಾಡುವವರು ಒಂದಲ್ಲ ಒಂದು ಸಲ ಕೇಳಿಯೇ ಕೇಳುತ್ತಾರೆ: ಉಕ್ರೇನ್ ಮೊದಲಿಂದಲೂ ರಷ್ಯಾದ್ದೇ ಅಲ್ಲವಾ, 1991ರಲ್ಲಿ ತಾನೇ ಬೇರೆಯಾಗಿದ್ದು? ಅವರಿಗೆಲ್ಲ ನಾನು ಈ ಬಯಲಿನ ಕತೆ ಹೇಳುತ್ತೇನೆ. ಉಕ್ರೇನಿಯನ್ನರು ಕೆನಡಾಕ್ಕೆ ಬರತೊಡಗಿದ್ದು 1891ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಹತ್ತು ಡಾಲರ್ ಶುಲ್ಕ ಕಟ್ಟಿದರೆ 160 ಎಕರೆ ಕಾಡುಭೂಮಿ ಸಿಗುತ್ತಿತ್ತು. ಪಶ್ಚಿಮ ಉಕ್ರೇನಿನ ಗಲೀಷಿಯಾ, ಬುಕೊವಿನಾ ಪ್ರದೇಶಗಳಲ್ಲಿ ತುಂಡು ಹೊಲ ನಂಬಿ ಬದುಕಿದ್ದ ರೈತರಿಗೆ ಅದು ನಂಬಲಾಗದ ಮಾತು. ಮೊದಲ ಚಳಿಗಾಲವನ್ನು ನೆಲದಲ್ಲಿ ಗುಂಡಿ ತೋಡಿ, ಮೇಲೆ ಹುಲ್ಲುಹೆಂಟೆ ಹೊದಿಸಿ ಕಳೆದವರು ಎಷ್ಟೋ ಮಂದಿ.

ಅವರ ಕಾಗದಗಳಲ್ಲಿ ಉಕ್ರೇನ್ ಎಂಬ ಹೆಸರೇ ಇರಲಿಲ್ಲ. ಆಸ್ಟ್ರಿಯನ್, ಗಲೀಷಿಯನ್, ರುಥೇನಿಯನ್ ಎಂದೆಲ್ಲ ಬರೆದಿರುತ್ತಿದ್ದರು. ಆಗ ಆ ನೆಲದ ಬಹುಪಾಲು ರಷ್ಯಾದ ಝಾರ್ ಕೈಯಲ್ಲಿತ್ತು, ಪಶ್ಚಿಮದ ಭಾಗ ಆಸ್ಟ್ರಿಯಾದ ಚಕ್ರವರ್ತಿಯ ಕೈಯಲ್ಲಿ. ಏಕೀಕರಣಕ್ಕೆ ಮೊದಲು ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು ಎಂದು ಹಂಚಿಹೋಗಿದ್ದ ನಮಗೆ ಈ ಸ್ಥಿತಿ ಅರ್ಥವಾಗಬೇಕು. ಆ ಕಾಗದದ ಬೆಲೆಯನ್ನೂ ಅವರು ತೆರಬೇಕಾಯಿತು. 1914ರಲ್ಲಿ ಆಸ್ಟ್ರಿಯಾ ಶತ್ರುದೇಶವಾದಾಗ ಕೆನಡಾ ಸರ್ಕಾರ ಸಾವಿರಾರು ಉಕ್ರೇನಿಯನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿ ದುಡಿಸಿತು. ಅದನ್ನು ಒಪ್ಪಿಕೊಳ್ಳುವ ಕಾನೂನು ಬಂದದ್ದು 2005ರಲ್ಲಿ.

ನಮ್ಮ ಪಕ್ಕದ ಮನೆಯ ಅಜ್ಜಿಯ ತಾತ ಗಲೀಷಿಯಾದಿಂದ ಬಂದವರು. ಅಜ್ಜಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಉಕ್ರೇನ್ ನೋಡಿಲ್ಲ. ಆದರೂ ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾಂಸವಿಲ್ಲದ ಹನ್ನೆರಡು ಬಗೆಯ ಅಡುಗೆ ಆಗಲೇಬೇಕು. ಮೊದಲು ಬಡಿಸುವುದು ಕುತ್ಯಾ. ಇಡೀ ಗೋಧಿಯನ್ನು ಬೇಯಿಸಿ, ಅರೆದ ಗಸಗಸೆ, ಜೇನು ಬೆರೆಸಿದ್ದು. ಬಾಯಿಗಿಟ್ಟರೆ ನಮ್ಮ ಗೋಧಿ ಹುಗ್ಗಿಯ ನೆನಪಾಗುತ್ತದೆ. ಮನೆಯ ಗೋಡೆಯ ಮೇಲೆ ಕಸೂತಿ ಬಟ್ಟೆ ಹೊದಿಸಿದ ಪಟವೊಂದಿದೆ. ದಪ್ಪ ಮೀಸೆ, ಕುರಿತುಪ್ಪಳದ ಟೋಪಿ. ದೇವರ ಪಟವಿರಬೇಕಾದ ಜಾಗದಲ್ಲಿ ಕವಿ ಇದ್ದಾನೆ: ತಾರಾಸ್ ಶೆವ್‌ಚೆಂಕೊ.

ಜೀತದವನಾಗಿ 1814ರಲ್ಲಿ ಹುಟ್ಟಿದವನು. ಅವನ ಚಿತ್ರಕಲೆ ಕಂಡ ಹಿರಿಯ ಕಲಾವಿದರು ಒಂದು ಭಾವಚಿತ್ರವನ್ನು ಲಾಟರಿಗಿಟ್ಟು, ಬಂದ ಹಣದಿಂದ 1838ರಲ್ಲಿ ಅವನನ್ನು ಬಿಡಿಸಿದರು. ಎರಡೇ ವರ್ಷಕ್ಕೆ 'ಕೊಬ್ಜಾರ್' ಎಂಬ ಕವನಸಂಕಲನ ಬಂತು, ರೈತರ ಆಡುಮಾತಿನಲ್ಲಿ. 1847ರಲ್ಲಿ ಬಂಧನ, ಗಡಿಪಾರು, ಜೊತೆಗೆ ಬರೆಯಕೂಡದು, ಚಿತ್ರ ಬಿಡಿಸಕೂಡದು ಎಂದು ಝಾರ್‌ನ ಸ್ವಂತ ಆಜ್ಞೆ. 1876ರ ಎಮ್ಸ್ ಆಜ್ಞೆಯಂತೂ ರಷ್ಯಾ ಸಾಮ್ರಾಜ್ಯದಲ್ಲಿ ಉಕ್ರೇನಿಯನ್ ಪುಸ್ತಕಗಳ ಮುದ್ರಣವನ್ನೇ ಹೆಚ್ಚುಕಡಿಮೆ ನಿಲ್ಲಿಸಿತು. ಇಲ್ಲದ ಭಾಷೆಯನ್ನು ಯಾರೂ ನಿಷೇಧಿಸುವುದಿಲ್ಲ. ನಿಷೇಧ ಆಸ್ಟ್ರಿಯಾ ಕಡೆಯ ಲ್ವಿವ್ ನಗರಕ್ಕೆ ತಟ್ಟಲಿಲ್ಲ. ಅಲ್ಲಿ 1868ರಲ್ಲಿ ಶುರುವಾದ ಪ್ರೊಸ್ವಿತಾ ಸಂಘ ಹಳ್ಳಿಹಳ್ಳಿಗೆ ಓದುಮನೆ ಕಟ್ಟಿತು. ಅಕ್ಷರ ಬಲ್ಲವನು ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಕೂತು ಕೇಳುವುದು. ಅಂಥದೇ ಓದುಮನೆಗಳನ್ನು ಇಲ್ಲಿ ಹುಲ್ಲುಗಾವಲಿನ ನಡುವೆಯೂ ಕಟ್ಟಿಕೊಂಡರು. ಬಂದಾಗ ತಮ್ಮ ಹಳ್ಳಿಯ ಹೆಸರಷ್ಟೇ ಹೇಳುತ್ತಿದ್ದ ಎಷ್ಟೋ ರೈತರು ನಾವು ಉಕ್ರೇನಿಯನ್ನರು ಎಂದು ಹೇಳಲು ಕಲಿತದ್ದು ಅಲ್ಲಿ. ಸರ್ಕಾರ, ಸೈನ್ಯ ಏನೂ ಇಲ್ಲದೆ, ಚರ್ಚು, ಹಾಡು, ಓದುಮನೆಗಳಿಂದಲೇ ಒಂದು ಜನಾಂಗ ತನ್ನನ್ನು ತಾನು ಕಟ್ಟಿಕೊಂಡಿತಲ್ಲ, ನನಗೆ ಅದೇ ದೊಡ್ಡದು.

1918ರ ಜನವರಿಯಲ್ಲಿ ಕೀವ್‌ನಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು, ಮರುವರ್ಷ ಪಶ್ಚಿಮದ ಭಾಗವೂ ಸೇರಿತು. ಅದು ಬಹಳ ಕಾಲ ಬಾಳಲಿಲ್ಲ. ಆಮೇಲಿನ ಸೋವಿಯತ್ ಕಾಲದ 1932–33ರ ಕ್ಷಾಮಕ್ಕೆ ಹೊಲೊಡೊಮೊರ್ ಎನ್ನುತ್ತಾರೆ. ಮಳೆ ಬಾರದೆ ಬಂದ ಕ್ಷಾಮವಲ್ಲ. ಧಾನ್ಯವನ್ನು ಮನೆಮನೆ ಶೋಧಿಸಿ ಒಯ್ದರು. 1933ರ ಜನವರಿಯಲ್ಲಿ ಹಸಿದ ರೈತರು ಉಕ್ರೇನ್ ಬಿಟ್ಟು ಹೊರಗೆ ಹೋಗದಂತೆ ತಡೆದರು. ಸತ್ತವರು 35 ಲಕ್ಷಕ್ಕೂ ಮೇಲೆ ಎನ್ನುತ್ತಾರೆ ಇತಿಹಾಸಕಾರರು. ಮಾಸ್ಕೋ ದಶಕಗಟ್ಟಲೆ ಇದನ್ನು ಅಲ್ಲಗಳೆಯುತ್ತಿದ್ದಾಗಲೇ, 1983ರಲ್ಲಿ, ಎಡ್ಮಂಟನ್ ನಗರಸಭೆಯ ಮುಂದೆ ಇದರ ಸ್ಮಾರಕ ಎದ್ದಿತು: ಒಡೆದುಹೋದ ಒಂದು ಬಳೆಯ ಆಕಾರ. ನವೆಂಬರ್‌ನ ನಾಲ್ಕನೇ ಶನಿವಾರ ಸತ್ತವರಿಗಾಗಿ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚುತ್ತಾರೆ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದಿದೆ. 1943ರಲ್ಲಿ ವೊಲಿನ್ ಪ್ರದೇಶದಲ್ಲಿ ಉಕ್ರೇನಿಯನ್ ಬಂಡುಕೋರ ಸೇನೆ ಹತ್ತಾರು ಸಾವಿರ ಪೋಲಿಷ್ ಹಳ್ಳಿಗರನ್ನು ಕೊಂದಿತು. ಈ ಮಾತು ತೆಗೆದರೆ ಇಲ್ಲಿನ ಕೆಲವು ಹಿರಿಯರು ಮೌನವಾಗುತ್ತಾರೆ. ತಮ್ಮವರು ಪಟ್ಟ ಪಾಡನ್ನು ನೆನೆಯುವ ಜನ ತಮ್ಮವರು ಮಾಡಿದ್ದನ್ನೂ ನೆನೆಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಪೀಳಿಗೆಯ ಉಕ್ರೇನಿಯನ್ ಗೆಳೆಯರು ಕೆಲವರು ಇದನ್ನು ಒಪ್ಪುತ್ತಾರೆ.

2022ರ ನಂತರ ಇಲ್ಲಿಗೆ ಬಂದ ಉಕ್ರೇನಿಯನ್ನರೇ ಬೇರೆ. ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಗಳು ಖಾರ್ಕಿವ್‌ನವಳು. ಮನೆಮಾತು ರಷ್ಯನ್. ರೈತಾಪಿ ಹಿನ್ನೆಲೆ ಇಲ್ಲ, ಚರ್ಚಿಗೆ ಹೋಗುವ ರೂಢಿಯೂ ಇಲ್ಲ. ಆದರೆ ನೀನು ರಷ್ಯನ್ನಳಾ ಎಂದು ಯಾರಾದರೂ ಕೇಳಿದರೆ ಅವಳ ಮುಖ ಕೆಂಪಾಗುತ್ತದೆ. 1991ರ ಡಿಸೆಂಬರ್ 1ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ರಷ್ಯನ್ ಮಾತು ಹೆಚ್ಚಿರುವ ಡೊನೆಟ್ಸ್ಕ್‌ನಲ್ಲೂ ಅದು ಶೇ. 80 ದಾಟಿತ್ತು. ರಷ್ಯನ್ ಮನೆಮಾತಿನ ಯಹೂದಿ ಕುಟುಂಬದ ಝೆಲೆನ್‌ಸ್ಕಿ ಅಧ್ಯಕ್ಷರಾದರು. ಮುಸ್ಲಿಮರಾದ ಕ್ರೈಮಿಯದ ತಾತಾರರೂ ತಾವು ಉಕ್ರೇನಿನವರೇ ಎನ್ನುತ್ತಾರೆ. ಹಳ್ಳಿ, ಕಸೂತಿ, ಹಾಡುಗಳಿಂದ ಶುರುವಾದ ಗುರುತು ಇಷ್ಟು ಅಗಲವಾಗಿದೆ.

2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದದ್ದು ನನ್ನ ಸಹೋದ್ಯೋಗಿಯ ಊರಾದ ಖಾರ್ಕಿವ್‌ನಲ್ಲೇ. ನಮ್ಮ ಪತ್ರಿಕೆಗಳಲ್ಲಿ ಖಾರ್ಕಿವ್ ಎಂದರೆ ಬಂಕರ್, ಮೆಟ್ರೊ ನಿಲ್ದಾಣ ಅಷ್ಟೇ ಆಗಿಹೋಯಿತು. 1934ರವರೆಗೆ ಸೋವಿಯತ್ ಉಕ್ರೇನಿನ ರಾಜಧಾನಿ ಅದು. ಅಲ್ಲಿ ಸಾಹಿತಿಗಳಿಗೆಂದೇ ಕಟ್ಟಿದ ಸ್ಲೋವೊ ಎಂಬ ವಸತಿಗೃಹವಿದೆ. ಮೂವತ್ತರ ದಶಕದಲ್ಲಿ ಅಲ್ಲಿನ ನಿವಾಸಿಗಳನ್ನು ಒಬ್ಬೊಬ್ಬರನ್ನಾಗಿ ಬಂಧಿಸಿದರು, ಹಲವರನ್ನು ಗುಂಡಿಟ್ಟು ಕೊಂದರು. ಆ ಕಟ್ಟಡದ ಮುಂದೆಯೇ ಶಾಲೆಗೆ ಹೋಗುತ್ತಿದ್ದೆ, ಒಳಗೆ ಯಾರಿದ್ದರೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ ಎನ್ನುತ್ತಾಳೆ ಅವಳು. ಈಗ ಎಡ್ಮಂಟನ್‌ನಲ್ಲಿ ಕೂತು ಆ ಲೇಖಕರನ್ನು ಒಬ್ಬೊಬ್ಬರಾಗಿ ಓದುತ್ತಿದ್ದಾಳೆ. ಅವಳ ಮಗನಿಗೆ ಇಲ್ಲಿನ ಸರ್ಕಾರಿ ಶಾಲೆಯ ಉಕ್ರೇನಿಯನ್–ಇಂಗ್ಲಿಷ್ ತರಗತಿಯಲ್ಲಿ ಸೀಟು ಸಿಕ್ಕಿದೆ. 1974ರಿಂದ ನಡೆಯುತ್ತಿರುವ ಆ ತರಗತಿಗಳಿಗಾಗಿ ಹೋರಾಡಿದ್ದು ಪಕ್ಕದ ಮನೆ ಅಜ್ಜಿಯ ಪೀಳಿಗೆಯವರು.