ಕೊಟ್ಟಿಗೆಹಾರ ದಾಟಿದ ಮೇಲೆ ಅಲುಗದ ಚುಕ್ಕೆ

ನನ್ನ ಇನ್ನೋವಾದ ಡ್ಯಾಶ್‌ಬೋರ್ಡಿನ ಒಳಗೆ ಅಂಗೈ ಅಗಲದ ಒಂದು ಕಪ್ಪು ಪೆಟ್ಟಿಗೆ ಇದೆ, ಗಾಡಿ ಎಲ್ಲಿದೆಯೆಂದು ತಿಳಿಸುವ ಜಿಪಿಎಸ್ ಪೆಟ್ಟಿಗೆ. ಹಳದಿ ಬೋರ್ಡಿನ ಬಾಡಿಗೆ ಗಾಡಿಗೆ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪತ್ರ, ಆಗಬೇಕಾದರೆ ಅದು ಇರಲೇಬೇಕು. ಕರ್ನಾಟಕದಲ್ಲಿ ಅದಕ್ಕೆ ನಿಗದಿ ಮಾಡಿದ ಬೆಲೆ 7,599 ರೂಪಾಯಿ, ಜಿಎಸ್‌ಟಿ ಬೇರೆ. ಜೊತೆಗೆ ಸೀಟುಗಳ ಪಕ್ಕದಲ್ಲಿ ಕೆಂಪು ಪ್ಯಾನಿಕ್ ಬಟನ್‌ಗಳು. ಕೂರಿಸಿದ ಹುಡುಗ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟು, "ಇನ್ನು ಗಾಡಿ ಎಲ್ಲಿದ್ದರೂ ನಿಮಗೆ ಕಾಣುತ್ತದೆ ಅಣ್ಣಾ" ಎಂದ. ಗಾಡಿಯ ಮಾಲೀಕನೂ ನಾನೇ, ಓಡಿಸುವವನೂ ನಾನೇ. ಸ್ಟಿಯರಿಂಗ್ ಹಿಡಿದು ಕೂತವನು ಗಾಡಿ ಎಲ್ಲಿದೆಯೆಂದು ಮೊಬೈಲಿನಲ್ಲಿ ಯಾಕೆ ನೋಡಬೇಕು? ಹೀಗಾಗಿ ಆ ಆ್ಯಪ್ ಬಹಳ ಕಾಲ ಸುಮ್ಮನೆ ಬಿದ್ದಿತ್ತು. ಅದಕ್ಕೆ ನಿಜವಾದ ಗಿರಾಕಿ ಸಿಕ್ಕಿದ್ದು ಕಳೆದ ಜುಲೈನಲ್ಲಿ, ಜಯನಗರದ ವೃದ್ಧ ದಂಪತಿಯನ್ನು ಹೊರನಾಡಿಗೆ ಕರೆದೊಯ್ದ ದಿನ.

ಗಂಡ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಾನು ಅವರನ್ನು ಮೇಷ್ಟರೆಂದೇ, ಅವರ ಹೆಂಡತಿಯನ್ನು ಅಮ್ಮ ಎಂದೇ ಕರೆಯುತ್ತೇನೆ. ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಮಳೆಗಾಲದಲ್ಲಿ ಘಟ್ಟದ ಕಡೆ ಹೋಗುವುದು ಬೇಡವೆಂದು ಹೇಳಿ ಸೋತ ಮೇಲೆ, ಹಿಂದಿನ ರಾತ್ರಿ ನನಗೆ ಫೋನ್ ಮಾಡಿ ಗಾಡಿಯ ಟ್ರ್ಯಾಕಿಂಗ್ ಲಿಂಕ್ ಕೇಳಿದ. ಕಳಿಸಿದೆ. ತಂದೆ ತಾಯಿಗೆ ಈ ವಿಷಯ ಹೇಳಿದ್ದಾನೋ ಇಲ್ಲವೋ ನಾನು ಕೇಳಲಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಟೆವು. ಪೀಣ್ಯದ ಮೇಲ್ಸೇತುವೆ ಹತ್ತಿದಾಗ ನನ್ನ ಫೋನಿನ ನಕ್ಷೆ ಎಂದಿನಂತೆ ನಾವು ಕೆಳಗಿನ ರಸ್ತೆಯಲ್ಲಿದ್ದೇವೆಂದು ತಿಳಿದು, ಎಡಕ್ಕೆ ತಿರುಗಿ ಎಂದಿತು. ತಿರುಗಿದರೆ ನೇರವಾಗಿ ಕೈಲಾಸಕ್ಕೇ ಹೋಗಬೇಕು. ಮೇಷ್ಟರು ಹಿಂದಿನಿಂದ ನಕ್ಕರು. ಮೇಲೊಂದು ಕೆಳಗೊಂದು ರಸ್ತೆ ಇರುವ ಕಡೆಯೆಲ್ಲ ಇದೇ ಕಥೆ. ಹೊಸೂರು ರಸ್ತೆಯ ಎತ್ತರಿಸಿದ ದಾರಿಯಲ್ಲೂ ಹೀಗೆಯೇ ಆಗುತ್ತದೆ. ಎತ್ತರದ ಲೆಕ್ಕದಲ್ಲಿ ಜಿಪಿಎಸ್ ಸ್ವಲ್ಪ ದುರ್ಬಲ.

ಎಡೆಯೂರಿನಲ್ಲಿ ತಿಂಡಿಗೆ ನಿಲ್ಲಿಸಿದೆವು. ಇಡ್ಲಿ ಬರುವ ಮೊದಲೇ ಮಗನ ಫೋನ್ ಬಂತು. "ಯಾಕೆ ನಿಂತಿದ್ದೀರಿ? ಎಲ್ಲ ಸರಿಯಾಗಿದೆಯಾ?" ಅಮ್ಮ ಫೋನಿಟ್ಟು ನನ್ನನ್ನು ನೋಡಿದರು. "ನಾವು ನಿಂತದ್ದು ಅವನಿಗೆ ಹೇಗೆ ಗೊತ್ತಾಯಿತು?" ನಾನು ಪೆಟ್ಟಿಗೆಯ ವಿಷಯ ಹೇಳಿದೆ. "ಹಾಗಾದರೆ ಮೇಲಿನಿಂದ ಉಪಗ್ರಹ ನಮ್ಮನ್ನೇ ನೋಡುತ್ತಿದೆಯೇ?" ಎಂದು ಅವರು ಸೆರಗು ಸರಿಪಡಿಸಿಕೊಂಡರು.

ಮೇಷ್ಟರಿಗೆ ಇಷ್ಟು ಸಾಕಾಯಿತು. ಹಾಸನದವರೆಗೂ ಪಾಠ. ಉಪಗ್ರಹಕ್ಕೆ ನಾವು ಇರುವುದೇ ಗೊತ್ತಿಲ್ಲ ಎಂದರು. ಆಕಾಶವಾಣಿಯವರಿಗೆ ಯಾರ ಮನೆಯಲ್ಲಿ ರೇಡಿಯೋ ಹಾಕಿದ್ದಾರೆಂದು ತಿಳಿಯದ ಹಾಗೆ, ಅದು 20,200 ಕಿಲೋಮೀಟರ್ ಎತ್ತರದಿಂದ ತಾನೆಲ್ಲಿದ್ದೇನೆ, ಈಗ ಸಮಯವೆಷ್ಟು ಎಂದು ಒಂದೇ ಸಮನೆ ಹೇಳುತ್ತಾ ಹೋಗುತ್ತದೆ. ಅದನ್ನು ಕೇಳಿಸಿಕೊಂಡು, ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂಬುದರಿಂದ ದೂರದ ಲೆಕ್ಕ ಹಾಕುವುದು ಕೆಳಗಿನ ಪೆಟ್ಟಿಗೆಯ ಕೆಲಸ. ಮೂರು ಉಪಗ್ರಹಗಳಿಂದ ಜಾಗ ಸಿಗಬೇಕು, ಆದರೆ ನಾಲ್ಕು ಬೇಕಾಗುತ್ತದೆ. ಯಾಕೆಂದರೆ ಮೇಲಿರುವುದು ಪರಮಾಣು ಗಡಿಯಾರ, ಪೆಟ್ಟಿಗೆಯಲ್ಲಿರುವುದು ಅಗ್ಗದ ಗಡಿಯಾರ. ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಜಾಗ 300 ಮೀಟರ್ ತಪ್ಪುತ್ತದೆ. ನಾಲ್ಕನೆಯ ಉಪಗ್ರಹ ಆ ತಪ್ಪನ್ನು ಹಿಡಿಯುವುದಕ್ಕೆ. ಹಾಸನ ಬಂದಾಗ ಕಿಟಕಿಯಾಚೆ ಕೈ ತೋರಿಸಿ, ಜಿಪಿಎಸ್‌ನಂತೆಯೇ ದಾರಿ ತೋರಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳ ಲಗಾಮು ಇರುವುದು ಇದೇ ಊರಿನ ಇಸ್ರೋ ಕೇಂದ್ರದಲ್ಲಿ ಎಂದರು. ನಾನು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಹಾಸನವೆಂದರೆ ನನಗೆ ಬೈಪಾಸ್ ಮತ್ತು ಡೀಸೆಲ್ ಬಂಕ್, ಅಷ್ಟೇ.

"ಉಪಗ್ರಹಕ್ಕೆ ಗೊತ್ತಿಲ್ಲದಿದ್ದರೆ ನಿಮ್ಮ ಮಗನಿಗೆ ಹೇಗೆ ಗೊತ್ತಾಯಿತು?" ಎಂದು ಅಮ್ಮ ಪಟ್ಟು ಬಿಡಲಿಲ್ಲ. ಮೇಷ್ಟರು ನನ್ನ ಕಡೆ ನೋಡಿದರು. ಅಷ್ಟು ನನಗೆ ಗೊತ್ತಿತ್ತು: ಪೆಟ್ಟಿಗೆಯಲ್ಲಿ ಸಿಮ್ ಇದೆ. ತಾನು ಕಂಡುಕೊಂಡ ಜಾಗವನ್ನು ಅದು ಮೊಬೈಲ್ ನೆಟ್‌ವರ್ಕಿನ ಮೂಲಕ ಕಂಪನಿಯ ಸರ್ವರಿಗೆ ಕಳಿಸುತ್ತದೆ, ಮಗ ನೋಡುವುದು ಅದನ್ನು.

ಬೇಲೂರು, ಮೂಡಿಗೆರೆ ದಾಟುವಾಗ ಮಳೆ ಹಿಡಿಯಿತು. ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆ ತಿನ್ನದೆ ಹೋಗುವವನು ಚಾಲಕನೇ ಅಲ್ಲ. ತಿಂದೆವು. ಅಲ್ಲಿಂದ ಕಳಸದ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾದವು. ನಾನು ಘಟ್ಟಕ್ಕೆ ಹೊರಡುವ ಹಿಂದಿನ ರಾತ್ರಿಯೇ ಆ ಭಾಗದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರುತ್ತೇನೆ, ಹಾಗಾಗಿ ನೀಲಿ ಚುಕ್ಕೆ ತಿರುವು ತಿರುವಿಗೂ ನಮ್ಮ ಜೊತೆಗೇ ಬರುತ್ತಿತ್ತು. ಮೇಷ್ಟರು ಹೆಂಡತಿಗೆ ಅದನ್ನು ತೋರಿಸಿ, "ನೋಡು, ನೆಟ್‌ವರ್ಕ್ ಇಲ್ಲ, ಜಿಪಿಎಸ್ ಇದೆ" ಎಂದು ಪ್ರಯೋಗಶಾಲೆಯಲ್ಲಿ ನಿಂತವರಂತೆ ಸಂತೋಷಪಟ್ಟರು.

ಅರ್ಧ ದಾರಿಯಲ್ಲಿ ಮರ ಬಿದ್ದಿತ್ತು. ನಮ್ಮ ಮುಂದೆ ಒಂದು ಖಾಸಗಿ ಬಸ್ಸು, ಎರಡು ಜೀಪು, ಗೊಬ್ಬರದ ಲಾರಿ. ಇಳಿಯಲು ಕಾಲಿಟ್ಟರೆ ರಕ್ತ ಹೀರುವ ಇಂಬಳ. ತೋಟದ ಆಳುಗಳು ಕಂಬಳಿಕೊಪ್ಪೆ ಹೊದ್ದು ಕತ್ತಿ, ಗರಗಸ ಹಿಡಿದು ಬಂದರು. ಜೀಪಿನವನು ಹಗ್ಗ ತಂದ. ಎಳೆದು, ಕಡಿದು, ಮತ್ತೆ ಎಳೆದು, ಗಾಡಿ ಹೋಗುವಷ್ಟು ಜಾಗ ಮಾಡುವುದರಲ್ಲಿ ಒಂದೂವರೆ ಗಂಟೆ ಕಳೆಯಿತು. ಅಮ್ಮ ಕೆಂಪು ಬಟನ್ ಮುಟ್ಟಿ, "ಇದನ್ನು ಒತ್ತಿದರೆ ಯಾರಾದರೂ ಬರುತ್ತಾರಾ?" ಎಂದರು. ಬರುವುದಿಲ್ಲ. ಬಟನ್ನಿನ ಕೂಗೂ ಅದೇ ಸಿಮ್ಮಿನಿಂದಲೇ ಹೋಗಬೇಕು. ಬೆಂಗಳೂರಿನಲ್ಲಿ ಒತ್ತಿದರೆ ಕೇಳಿಸೀತು. ಸಹಾಯ ಹತ್ತು ಮೈಲಿ ದೂರವಿರುವ ಜಾಗದಲ್ಲಿ ಅದಕ್ಕೆ ಬಾಯಿಯೇ ಇಲ್ಲ. ಈ ನಿಯಮ ಬರೆದವರು ಮಳೆಗಾಲದಲ್ಲಿ ಒಂದು ಸಲ ಈ ದಾರಿಯಲ್ಲಿ ಬಂದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಿ ನಿಂತು ನೆನೆಯುತ್ತಾ ಅನ್ನಿಸಿತು.

ಕಳಸ ತಲುಪಿದಾಗ ನಾಲ್ಕು ಗಂಟೆ ದಾಟಿತ್ತು. ಊರಿನಲ್ಲಿ ಹಿಂದಿನ ದಿನದಿಂದ ಕರೆಂಟಿರಲಿಲ್ಲ, ಟವರ್ ಜೀವ ಹಿಡಿದುಕೊಂಡಿತ್ತಷ್ಟೇ. ಫೋನಿನಲ್ಲಿ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು, ಕರೆ ಹೋಗುತ್ತಿರಲಿಲ್ಲ. ಚಹಾದಂಗಡಿಯ ಮುಂದೆ ನಿಧಾನಿಸಿದಾಗ ಒಬ್ಬರು ಕೇಳದೆಯೇ ಹೇಳಿದರು: "ಹೊರನಾಡಿಗಾ? ಹೆಬ್ಬಾಳೆ ಸೇತುವೆ ಮೇಲೆ ನೀರು ಬಂದಿರಬಹುದು, ನೋಡಿಕೊಂಡು ಹೋಗಿ." ಹೋಗಿ ನೋಡಿದೆವು. ಭದ್ರಾ ಕೆಂಪಗೆ, ಸೇತುವೆಯನ್ನು ಪೂರ್ತಿ ಮುಚ್ಚಿಕೊಂಡು, ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿತ್ತು. ನನ್ನ ಫೋನು ನೇರವಾಗಿ ಹೋಗಲು ಹೇಳುತ್ತಿತ್ತು. ಗಾಡಿ ತಿರುಗಿಸಿ ಹಳುವಳ್ಳಿಯ ಸುತ್ತುದಾರಿ ಹಿಡಿದ ಮೇಲೂ ಬಹಳ ದೂರದವರೆಗೆ ಹಿಂದಿರುಗು, ಹಿಂದಿರುಗು ಎನ್ನುತ್ತಲೇ ಇತ್ತು. ಕೊನೆಗೆ ಅಮ್ಮನೇ, "ಅದರ ಬಾಯಿ ಮುಚ್ಚಿಸಿ" ಎಂದರು.

ಆ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಏನಾಗುತ್ತಿತ್ತು ಎಂಬುದು ನಮಗೆ ತಿಳಿದದ್ದು ದೇವಸ್ಥಾನದ ಊಟ ಮುಗಿಸಿ ಬಂದ ಮೇಲೆ, ರಾತ್ರಿ ಕರೆ ಹತ್ತಿದಾಗ. ಮಗ ಬೆಳಗಿನ ಜಾವ ಎಚ್ಚರಾಗಿ ಲಿಂಕ್ ತೆರೆದಿದ್ದಾನೆ. ಚುಕ್ಕೆ ಕೊಟ್ಟಿಗೆಹಾರ ದಾಟಿ ಕಾಡಿನ ಅಂಚಿನಲ್ಲಿ ನಿಂತಿದೆ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ, ಚುಕ್ಕೆ ಅಲುಗುತ್ತಿಲ್ಲ, ಮೂವರ ಫೋನೂ ವ್ಯಾಪ್ತಿ ಪ್ರದೇಶದ ಹೊರಗೆ. ಇಂಟರ್ನೆಟ್ಟಿನಲ್ಲಿ ಹುಡುಕಿ ಕಳಸದ ಯಾವುದೋ ಲಾಡ್ಜಿಗೂ ಮೂಡಿಗೆರೆಯ ಒಂದು ಗ್ಯಾರೇಜಿಗೂ ಫೋನ್ ಮಾಡಿದ್ದಾನೆ. ಅಷ್ಟರಲ್ಲಿ ಒಮ್ಮೆಗೇ ಚುಕ್ಕೆಗಳ ಸಾಲು ಬಂತು. ನೆಟ್‌ವರ್ಕ್ ಇಲ್ಲದಾಗ ಈ ಪೆಟ್ಟಿಗೆ ತಾನು ಕಂಡ ಜಾಗಗಳನ್ನೆಲ್ಲ ಒಳಗೇ ಕೂಡಿಟ್ಟುಕೊಂಡು, ಸಿಗ್ನಲ್ ಸಿಕ್ಕ ಕೂಡಲೇ ಕಳಿಸುತ್ತದೆ. ಅದಕ್ಕೆ ಬೇಕಾಗುವ ಡೇಟಾ ತೀರಾ ಕಡಿಮೆ. ಮಾತು ದಾಟದ ಆ ಒಂದು ಕಡ್ಡಿಯಲ್ಲೇ ಕಳಸದಿಂದ ಎಲ್ಲವೂ ದಾಟಿಹೋಗಿತ್ತು. ಪೆಟ್ಟಿಗೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗಲೇ. ಆದರೆ ಅವನ ಕಣ್ಣಿನಿಂದ ನೋಡಿ: ಕಾಡಿನ ಮಧ್ಯೆ ಒಂದೂವರೆ ಗಂಟೆ ನಿಂತ ಗಾಡಿ, ಆಮೇಲೆ ನದಿಯ ತನಕ ಹೋಗಿ, ಅಲ್ಲೇ ತಿರುಗಿ, ನಕ್ಷೆ ತೋರಿಸದ ದಿಕ್ಕಿಗೆ ಹೊರಟಿದೆ. ಮರ, ಹಗ್ಗ, ಕಂಬಳಿಕೊಪ್ಪೆ, ಚಹಾದಂಗಡಿ ಯಾವುದೂ ಆ ಗೆರೆಯಲ್ಲಿಲ್ಲ. "ನನ್ನ ಎದೆ ಒಡೆದುಹೋಗುವುದರಲ್ಲಿತ್ತು ಅಮ್ಮ" ಎಂದು ಅವನು ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

ಅಮ್ಮ ಕರಗಲಿಲ್ಲ. "ನೀನು ಮೊದಲ ಸಲ ಅಮೆರಿಕಕ್ಕೆ ಹೋದಾಗ ಎರಡು ದಿನ ಫೋನೇ ಇರಲಿಲ್ಲ. ನಾವು ಯಾವ ಚುಕ್ಕೆ ನೋಡಿದೆವು?" ಎಂದರು. ಮೇಷ್ಟರು ಮಧ್ಯೆ ಬಾಯಿ ಹಾಕಲಿಲ್ಲ.

ಮರುದಿನ ಹೊರಡುವ ಮೊದಲು ನಾನು ಮಗನಿಗೆ ಒಂದು ಸಂದೇಶ ಕಳಿಸಿದೆ: ಎಲ್ಲಿಂದ ಎಲ್ಲಿಗೆ ಚುಕ್ಕೆ ಕಾಣುವುದಿಲ್ಲ, ಎಷ್ಟು ಹೊತ್ತಿನವರೆಗೆ ಹೆದರಬೇಕಾಗಿಲ್ಲ, ಆಮೇಲೆ ಯಾರಿಗೆ ಫೋನ್ ಮಾಡಬೇಕು. ಈಗ ಘಟ್ಟಕ್ಕೆ ಹೋಗುವಾಗ ಲಿಂಕ್ ಕೇಳಿದವರಿಗೆಲ್ಲ ಇದನ್ನೂ ಸೇರಿಸಿ ಕಳಿಸುತ್ತೇನೆ. ಅಂದು ವಾಪಸ್ ಬರುವಾಗ ಕಾಡಿನಲ್ಲಿ ಏನೂ ತೊಂದರೆಯಾಗಲಿಲ್ಲ. ಫೋನ್ ಬಂದದ್ದು ಬೇಲೂರಿನಲ್ಲಿ, ಅಮ್ಮ ಚೆನ್ನಕೇಶವನ ಗುಡಿಯೊಳಗಿದ್ದಾಗ. ಯಾಕೆ ಇಷ್ಟು ಹೊತ್ತು ನಿಂತಿದೆ ಎಂದು ಕೇಳಿದ. ನಾನು ದೇವಸ್ಥಾನವೆಂದೆ. ಗುಡಿಯ ನಂತರ ಅಮ್ಮ ಸೀರೆ ಅಂಗಡಿಗೂ ಹೋಗುವವರಿದ್ದರು. ಅದನ್ನು ನಾನು ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಅವರು ಧರ್ಮಸ್ಥಳಕ್ಕೆ ಗಾಡಿ ಹೇಳಿದರು. "ಈ ಸಲ ಅವನಿಗೆ ಅದೇನೋ ಕಳಿಸಬೇಡಿ, ತಲುಪಿದ ಮೇಲೆ ನಾನೇ ಮಾತನಾಡುತ್ತೇನೆ" ಎಂದು ಅಮ್ಮ ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಅದೇ ರಾತ್ರಿ ಲಿಂಕ್ ಕೇಳಿ ಮಗನ ಸಂದೇಶ ಬಂತು. ಅಮ್ಮನನ್ನು ಕೇಳಿ ಹೇಳಿ, ಅವರು ಒಪ್ಪಿದರೆ ತಕ್ಷಣ ಕಳಿಸುತ್ತೇನೆ ಎಂದು ಉತ್ತರ ಬರೆದೆ. ಆಮೇಲೆ ಅವನಿಂದ ಮತ್ತೆ ಸಂದೇಶ ಬರಲಿಲ್ಲ.