ಮಿನಿಮಾ ಹುಡುಕಿದ ದಿನಗಳು

ಮೊದಲ ಮಹಡಿಯ ಕೊನೆಯ ಕೋಣೆ ನಮ್ಮ ಮೈಕ್ರೊವೇವ್ ಲ್ಯಾಬ್. ಬಾಗಿಲು ತೆಗೆದ ಕೂಡಲೇ ಫ್ಯಾನಿನ ಸದ್ದು ಕೇಳುತ್ತಿತ್ತು. ಸೂರಿನ ಫ್ಯಾನ್ ಅಲ್ಲ, ಅದು ಕೆಟ್ಟು ವರ್ಷವಾಗಿತ್ತು. ಮೈಕ್ರೊವೇವ್ ಹುಟ್ಟಿಸುವ ಕ್ಲೈಸ್ಟ್ರಾನ್ ಟ್ಯೂಬಿಗೆ ಗಾಳಿ ಹಾಕುವ ಅಂಗೈ ಅಗಲದ ಫ್ಯಾನ್ ಅದು. ನಮಗೆ ಸೆಕೆಯಾದರೆ ಪರವಾಗಿಲ್ಲ, ಟ್ಯೂಬಿಗೆ ಆಗಬಾರದು. "ಅದು ಹೋದರೆ ಇನ್ನೊಂದು ಬರೋಕೆ ವರ್ಷ ಬೇಕು. ನೀವಾದರೆ ಪ್ರತಿ ವರ್ಷ ಅರವತ್ತು ಜನ ಬರ್ತೀರಿ" ಎನ್ನುತ್ತಿದ್ದರು ಅಟೆಂಡರ್.

ಅದು 1996. ನಾವು ಇಸಿ, ಅಂದರೆ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಮೂರನೇ ವರ್ಷ. ಅಲ್ಲಿಯವರೆಗೆ ಕಲಿತದ್ದೆಲ್ಲ ಎರಡು ತಂತಿಯ ಲೆಕ್ಕ. ಒಂದರಲ್ಲಿ ಕರೆಂಟ್ ಹೋಗುತ್ತೆ, ಇನ್ನೊಂದರಲ್ಲಿ ವಾಪಸ್ ಬರುತ್ತೆ. ಇಲ್ಲಿ ನೋಡಿದರೆ ಮೇಜಿನ ಮೇಲೆ ಹಿತ್ತಾಳೆಯ ಕೊಳವೆ. ಒಳಗಿನ ಅಗಲ 22.86 ಮಿಲಿಮೀಟರ್, ಎತ್ತರ 10.16. ಒಂದು ತುಂಡನ್ನು ಕೈಗೆತ್ತಿಕೊಂಡು ಒಳಗೆ ಇಣುಕಿದರೆ ಪೂರ್ತಿ ಖಾಲಿ, ಆಚೆ ಕಡೆಯ ಕಿಟಕಿ ಕಾಣುತ್ತಿತ್ತು. ನನ್ನ ಪಕ್ಕದವನು ತಡೆಯಲಾರದೆ ಕೇಳಿಯೇಬಿಟ್ಟ. "ಮೇಡಂ, ವಾಪಸ್ ಬರೋ ವೈರ್ ಎಲ್ಲಿ?"

ಮೇಡಂ ನಗಲಿಲ್ಲ. "ಕಿಟಕಿಯಿಂದ ಬೆಳಕು ಬರ್ತಿದೆಯಲ್ಲಪ್ಪ, ಅದಕ್ಕೆ ವಾಪಸ್ ವೈರ್ ಎಲ್ಲಿದೆ?"

ಆಮೇಲೆ ಕಟ್‌ಆಫ್ ಬಗ್ಗೆ ಹೇಳಿದರು. ಅಲೆ ಒಳಗೆ ಹೋಗಬೇಕಾದರೆ ಕೊಳವೆಯ ಅಗಲದಲ್ಲಿ ಅದರ ಅರ್ಧ ಉದ್ದವಾದರೂ ಹಿಡಿಸಬೇಕು. ಈ ಕೊಳವೆಗೆ ಆ ಗಡಿ ಸುಮಾರು 6.56 ಗಿಗಾಹರ್ಟ್ಸ್. ಅದಕ್ಕಿಂತ ಕೆಳಗಿನದು ಬಾಗಿಲಲ್ಲೇ ಸಾಯುತ್ತದೆ. ಈ ಮಾತನ್ನು ಪುಸ್ತಕ ನಾಲ್ಕು ಪುಟ ಸಮೀಕರಣ ಬರೆದು ಹೇಳಿತ್ತು. ಆ ನಾಲ್ಕು ಪುಟವೂ ಪರೀಕ್ಷೆಗೆ ಬಂತು, ಬಿಡಿ.

ರಿಫ್ಲೆಕ್ಷನ್ ಪಾಠದ ದಿನ ಮೇಡಂ ಕ್ಲಾಸಿಗೆ ಬಾವಿ ಹಗ್ಗ ತಂದಿದ್ದರು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿ ಹಿಡಿದು ಮೇಲಕ್ಕೊಮ್ಮೆ ಜಾಡಿಸಿದರು. ಉಬ್ಬು ಸರಳಿನವರೆಗೆ ಓಡಿ ತಲೆಕೆಳಗಾಗಿ ವಾಪಸ್ ಬಂತು. "ಇದು ಶಾರ್ಟ್, ತುದಿ ಮುಚ್ಚಿದ ಲೈನ್" ಎಂದರು. ಆಮೇಲೆ ಹಗ್ಗದ ತುದಿಗೆ ತೆಳ್ಳಗಿನ ಉದ್ದನೆಯ ದಾರ ಕಟ್ಟಿ, ದಾರವನ್ನು ಸರಳಿಗೆ ಕಟ್ಟಿದರು. ಈ ಸಲ ಉಬ್ಬು ಉಬ್ಬಾಗಿಯೇ ವಾಪಸ್ ಬಂತು. ಅದು ಓಪನ್, ತುದಿ ಬಿಟ್ಟ ಲೈನ್. "ವಾಪಸ್ಸೇ ಬರದ ಹಾಗೆ ಮಾಡೋದು ಹೇಗೆ? ಅದೇ ಈ ಸೆಮಿಸ್ಟರ್" ಎಂದು ಹಗ್ಗ ಸುತ್ತಿಕೊಂಡು ಹೊರಟರು. ಮ್ಯಾಚಿಂಗ್ ಅಂದರೆ ಏನು ಅಂತ ಇವತ್ತು ಯಾರಾದರೂ ಕೇಳಿದರೆ ನನಗೆ ಆ ಹಗ್ಗವೇ ನೆನಪಿಗೆ ಬರುತ್ತದೆ.

ಲ್ಯಾಬಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ಲಾಟೆಡ್ ಲೈನ್. ಕೊಳವೆಯ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಸೀಳು. ಅದರೊಳಗೆ ಇಳಿಬಿಟ್ಟ ಸೂಜಿಯಂಥ ಪ್ರೋಬ್. ಅದನ್ನು ಹೊತ್ತ ಗಾಡಿಯನ್ನು ತಿರುಪು ತಿರುಗಿಸುತ್ತಾ ಜರುಗಿಸಿದರೆ ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ. ಕಣ್ಣಿಗೆ ಕಾಣದ ಅಲೆ ಅಲ್ಲಿ ನಿಂತಿರುತ್ತದೆ. ನಾವು ಮೊದಲ ದಿನ ಮ್ಯಾಕ್ಸಿಮಾ, ಅಂದರೆ ಮುಳ್ಳು ಅತಿ ಮೇಲೇರುವ ಜಾಗ, ಹುಡುಕುತ್ತಾ ಕೂತೆವು. ಮೂವರು ಓದಿದರೆ ಮೂರು ಉತ್ತರ. ಮೇಡಂ ಬಂದು ನೋಡಿ, "ಮೇಲೆ ಹುಡುಕಬೇಡ್ರೋ, ಕೆಳಗೆ ಹುಡುಕಿ. ಇದರ ತಲೆ ಮೊಂಡು, ತಳ ಚೂಪು" ಎಂದರು. ನಿಜ. ಕೊಳವೆಯ ತುದಿ ಮುಚ್ಚಲು ಶಾರ್ಟ್ ಪ್ಲೇಟ್ ಹಾಕಿದರೆ ಮುಳ್ಳು ಮೇಲೆ ಆರಾಮಾಗಿ ಅಡ್ಡಾಡುತ್ತದೆ, ಆದರೆ ಕೆಳಗೆ ಕೂದಲೆಳೆಯಷ್ಟು ಜಾಗದಲ್ಲಿ ಧಪ್ಪನೆ ಬೀಳುತ್ತದೆ.

ಆ ದಿನದ ರೀಡಿಂಗ್ ನನ್ನ ಹಳೆಯ ರೆಕಾರ್ಡಿನಲ್ಲಿ ಇನ್ನೂ ಇದೆ. ಮೊದಲ ಮಿನಿಮಾ, ಅಂದರೆ ಮುಳ್ಳು ತಳಕ್ಕೆ ಬೀಳುವ ಜಾಗ, 7.62 ಸೆಂಟಿಮೀಟರ್. ಎರಡನೆಯದು 10.05. ಗಾಡಿ 10ರ ಹತ್ತಿರ ಬಂದಾಗ ಸ್ವಲ್ಪ ಸಿಕ್ಕಿಕೊಳ್ಳುತ್ತಿತ್ತು. ಬೆರಳಿನಿಂದ ಮೆಲ್ಲಗೆ ತಟ್ಟಬೇಕು, ಜಾಸ್ತಿ ತಟ್ಟಿದರೆ ಮಿನಿಮಾ ದಾಟಿಹೋಗುತ್ತದೆ. ವ್ಯತ್ಯಾಸ 2.43. ಅದು ಅರ್ಧ ಅಲೆ, ಅಂದರೆ ಕೊಳವೆಯೊಳಗಿನ ಅಲೆಯ ಉದ್ದ 4.86. ಲೆಕ್ಕ ಹಾಕಿದರೆ ಗಾಳಿಯಲ್ಲಿ 3.33 ಸೆಂಟಿಮೀಟರ್, ಫ್ರೀಕ್ವೆನ್ಸಿ 9 ಗಿಗಾಹರ್ಟ್ಸ್. ಆಮೇಲೆ ಫ್ರೀಕ್ವೆನ್ಸಿ ಮೀಟರ್ ತಿರುಗಿಸಿದೆವು. ಮುಳ್ಳು ಗಕ್ಕನೆ ಕುಸಿದದ್ದು ಸರಿಯಾಗಿ 9ರಲ್ಲೇ. ಬರೀ ಸ್ಕೇಲಿನಲ್ಲಿ ಅಳೆದು ಸೆಕೆಂಡಿಗೆ ಒಂಬೈನೂರು ಕೋಟಿ ಸಲ ಆಡುವುದನ್ನು ಹಿಡಿದಿದ್ದೆವು! ಆ ಸಂಜೆ ಕ್ಯಾಂಟೀನಿನಲ್ಲಿ ನಾನೇ ಎಲ್ಲರಿಗೂ ಟೀ ಕೊಡಿಸಿದೆ.

ಮುಂದಿನ ವಾರವೇ ಗನ್ ಡಯೋಡ್ ಸುಟ್ಟೆ. ಹೆಸರು ಕೇಳಿ ಬಂದೂಕು ಅಂದುಕೊಂಡಿದ್ದೆವು. ಅದು ಐಬಿಎಂನಲ್ಲಿದ್ದ ಜೆ.ಬಿ. ಗನ್ ಅವರ ಹೆಸರು. ಗ್ಯಾಲಿಯಂ ಆರ್ಸೆನೈಡ್ ತುಂಡಿಗೆ ವೋಲ್ಟೇಜ್ ಕೊಟ್ಟರೆ ಅದು ತಾನಾಗಿ ಮೈಕ್ರೊವೇವ್ ಹೊರಡಿಸುತ್ತದೆ ಎಂದು 1963ರಲ್ಲಿ ಪ್ರಕಟಿಸಿದವರು. ಒಂದು ಹಂತದವರೆಗೆ ಕರೆಂಟ್ ಏರುತ್ತದೆ, ಆಮೇಲೆ ವೋಲ್ಟೇಜ್ ಏರಿಸಿದಷ್ಟೂ ಇಳಿಯುತ್ತದೆ. ಓಮ್‌ನ ನಿಯಮ ಕಂಠಪಾಠ ಮಾಡಿದವರಿಗೆ ಇದು ನಂಬುವ ಮಾತೇ ಅಲ್ಲ. ಇನ್ನೂ ಎಷ್ಟು ಇಳಿಯುತ್ತೆ ನೋಡೋಣ ಅಂತ ನಾನು ತಿರುಗಿಸುತ್ತಾ ಹೋದೆ. ಹತ್ತು ವೋಲ್ಟ್ ದಾಟಬಾರದು ಅಂತ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ಹೊಗೆ ಇಲ್ಲ, ಸದ್ದಿಲ್ಲ. ಮೀಟರ್ ಸುಮ್ಮನೆ ಮಲಗಿತು.

"ಹೋಯ್ತಾ?" ಎಂದರು ಮೇಡಂ. ನಾನು ತಲೆ ತಗ್ಗಿಸಿದೆ. "ಯಾವ ವೋಲ್ಟೇಜಿಗೆ ಹೋಯ್ತು, ರೆಕಾರ್ಡಿನಲ್ಲಿ ಬರಿ. ಅದೂ ಒಂದು ರೀಡಿಂಗೇ." ಅಷ್ಟೇ ಅಂದದ್ದು. ದುಡ್ಡು ಕಟ್ಟಿಸಿಕೊಂಡದ್ದು ಬೇರೆ ಮಾತು.

ಜಗದೀಶ್ ಚಂದ್ರ ಬೋಸರ ಕಥೆ ಕೇಳಿದ್ದೂ ಅಲ್ಲೇ. 1895ರ ಹೊತ್ತಿಗೇ ಅವರು ಕಲ್ಕತ್ತಾದಲ್ಲಿ ಮಿಲಿಮೀಟರ್ ಅಲೆಗಳ ಜೊತೆ ಆಡುತ್ತಿದ್ದರು. ಒಂದೇ ದಿಕ್ಕಿನಲ್ಲಿ ಆಡುವ ಅಲೆಯನ್ನು ಮಾತ್ರ ಬಿಡುವ ಪೋಲರೈಸರ್ ಬೇಕಾದಾಗ ರೈಲ್ವೆ ಟೈಮ್ ಟೇಬಲ್ ಪುಸ್ತಕದ ಹಾಳೆಗಳ ನಡುವೆ ತವರದ ಬೇಗಡೆ ಇಟ್ಟರಂತೆ. ನಾವು ಬಿಡುತ್ತೇವಾ? ಹಾಸ್ಟೆಲ್ ಆಫೀಸಿನಿಂದ ಹಳೆಯ ಟೆಲಿಫೋನ್ ಡೈರೆಕ್ಟರಿ ತಂದೆವು. ಎರಡು ಮೂರು ಮಿಲಿಮೀಟರಿಗೆ ಒಂದರಂತೆ ಅಲ್ಯೂಮಿನಿಯಂ ಫಾಯಿಲ್ ಸೇರಿಸಿ, ಅಲೆ ಕಳಿಸುವ, ಹಿಡಿಯುವ ಎರಡು ಹಾರ್ನ್‌ಗಳ (ಕಹಳೆಯಂಥ ಆಂಟೆನಾ) ನಡುವೆ ಹಾಳೆಗಳ ಅಂಚು ಹಾರ್ನಿಗೆ ಎದುರಾಗುವ ಹಾಗೆ ಹಿಡಿದೆವು. ಪುಸ್ತಕ ಮಲಗಿಸಿದರೆ ಮೀಟರ್ ಚೆನ್ನಾಗಿಯೇ ತೋರಿಸಿತು. ಹಾಗೆಯೇ ಪಕ್ಕಕ್ಕೆ ಹೊರಳಿಸಿ ಹಾಳೆಗಳನ್ನು ನಿಲ್ಲಿಸಿದೆವು, ಮುಳ್ಳು ಕುಸಿಯಿತು. ಪೂರ್ತಿ ಸೊನ್ನೆ ಆಗಲಿಲ್ಲ, ಸುತ್ತಲಿಂದ ನುಸುಳುತ್ತಿತ್ತು. ಆದರೂ ಊರಿನ ಅಷ್ಟೂ ಫೋನ್ ನಂಬರುಗಳ ನಡುವೆ ಅಲೆ ಸಿಕ್ಕಿಬಿದ್ದದ್ದು ನೋಡಿ ಅಟೆಂಡರ್ ಕೂಡ ನಕ್ಕರು.

ಬೋಸರ ಹೆಸರು ಎಲ್ಲರಿಗೂ ಗೊತ್ತು. ಮೇಡಂ ಜಾಸ್ತಿ ಹೇಳುತ್ತಿದ್ದದ್ದು ರಾಜೇಶ್ವರಿ ಚಟರ್ಜಿ ಅವರ ಬಗ್ಗೆ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮಿಶಿಗನ್‌ನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಸೇರಿದ ನಮ್ಮ ಕನ್ನಡದ ಹೆಣ್ಣುಮಗಳು. ಪತಿ ಎಸ್.ಕೆ. ಚಟರ್ಜಿ ಅವರ ಜೊತೆ ಅಲ್ಲಿ ಮೈಕ್ರೊವೇವ್ ಸಂಶೋಧನೆ ಕಟ್ಟಿದವರು. ನಮ್ಮ ಕ್ಲಾಸಿನಲ್ಲಿ ಆಗ ಹುಡುಗಿಯರು ಒಂಬತ್ತೇ ಜನ. ಈ ಕಥೆ ಹೇಳುವಾಗ ಮೇಡಂ ಆ ಒಂಬತ್ತು ಜನರ ಕಡೆ ಮಾತ್ರ ನೋಡುತ್ತಿದ್ದರು.

ಸ್ಮಿತ್ ಚಾರ್ಟ್ ಬಗ್ಗೆ ಬರೆಯದಿದ್ದರೆ ಸಹಪಾಠಿಗಳು ಬಿಡುವುದಿಲ್ಲ. ಮ್ಯಾಚಿಂಗ್ ಲೆಕ್ಕವನ್ನು ಗೆರೆ ಎಳೆದೇ ಮಾಡಲು ಬೆಲ್ ಲ್ಯಾಬ್ಸಿನ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ಚಕ್ರ. ಹಾಸ್ಟೆಲ್ ಮೆಸ್ಸಿನ ಟೇಬಲ್ ಮೇಲೆ ಅದನ್ನು ಹರಡಿ ಕೈವಾರ ಇಟ್ಟುಕೊಂಡು ಕೂತಿದ್ದಾಗ ಅಡುಗೆ ಭಟ್ಟರು ಬಗ್ಗಿ ನೋಡಿ "ಯಾರ ಜಾತಕ?" ಎಂದರು. ನನ್ನದೇ ಅಂದೆ. ಸುಳ್ಳಾಗಲಿಲ್ಲ. ಚಾರ್ಟಿನಲ್ಲಿ ಜನರೇಟರ್ ಕಡೆಗೆ, ಅಂದರೆ ಅಲೆ ಹೊರಡುವ ಕಡೆಗೆ, ಹೋಗುವಾಗ ಗಡಿಯಾರದ ಮುಳ್ಳಿನ ಹಾಗೆ ತಿರುಗಬೇಕು. ನಾನು ಪರೀಕ್ಷೆಯಲ್ಲಿ ಎದುರು ದಿಕ್ಕಿಗೆ ತಿರುಗಿದೆ. ಎಂಟು ಮಾರ್ಕು ಹೋಯಿತು.

ಮನೆಯಲ್ಲಿ ಈ ಓದು ಯಾರಿಗೂ ಅರ್ಥವಾಗಲಿಲ್ಲ. ಬೆಂಗಳೂರಿನ ಚಿಕ್ಕಮ್ಮ ಮಾತ್ರ ಮೈಕ್ರೊವೇವ್ ಅಂದ ಕೂಡಲೇ "ಹಾಗಾದ್ರೆ ನಮ್ಮ ಓವನ್ ಸ್ವಲ್ಪ ನೋಡಿ ಹೋಗೋ" ಎಂದಳು.

ಮುಂದೆ ನಾನು ಸೇರಿದ್ದು ಮೊಬೈಲ್ ಟವರುಗಳ ಕೆಲಸಕ್ಕೆ. ಒಂದು ಟವರಿನಿಂದ ಇನ್ನೊಂದಕ್ಕೆ ಮೈಕ್ರೊವೇವ್ ಲಿಂಕ್ ಹಾಕುವುದು. 2003ರ ಒಂದು ಸಂಜೆ, ಶೃಂಗೇರಿ ಕಡೆಯ ಗುಡ್ಡ. 15 ಗಿಗಾಹರ್ಟ್ಸ್ ಲಿಂಕ್, ಎರಡಡಿ ಅಗಲದ ಡಿಶ್. ಅದರ ಕಿರಣ ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಗಲ, ಅಷ್ಟೇ. ಲೆವೆಲ್ ಲೆಕ್ಕಕ್ಕಿಂತ 20 ಡಿಬಿ ಕಡಿಮೆ ಬರುತ್ತಿತ್ತು. ಅಂದರೆ ನೂರರಲ್ಲಿ ಒಂದು ಪಾಲು. ಮೇಲಿದ್ದ ಹುಡುಗ "ಎರಡೂ ಕಡೆ ಇಳೀತಿದೆ ಸಾರ್, ಇದೇ ಪೀಕು" ಅಂತ ಕೂಗುತ್ತಿದ್ದ. ಕತ್ತಲಾಗುತ್ತಿತ್ತು, ಮೋಡ ಬೇರೆ. ಆಗ ನನಗೆ ಹಾರ್ನಿನ ಪ್ಯಾಟರ್ನ್ ಗ್ರಾಫ್ ನೆನಪಾಯಿತು. ದೊಡ್ಡ ಎಸಳಿನ ಆಚೀಚೆ ಸಣ್ಣ ಎಸಳುಗಳು. ನಾವು ಸೈಡ್ ಲೋಬಿನ ಮೇಲೆ ಕೂತಿದ್ದೆವು. "ಇನ್ನೂ ತಿರುಗಿಸು, ಬಿದ್ದರೆ ಬೀಳಲಿ" ಎಂದೆ. ಲೆವೆಲ್ ತೋರಿಸುತ್ತಿದ್ದ ಮಲ್ಟಿಮೀಟರ್ ತಳಕ್ಕೆ ಹೋಯಿತು. ಆಮೇಲೆ ಏರಿತು, ಏರುತ್ತಲೇ ಹೋಯಿತು.

ತುದಿಯಲ್ಲಿ ಮತ್ತೆ ಅದೇ ತಕರಾರು. ಯಾವುದು ಸರಿಯಾದ ಪೀಕ್ ಅಂತ ತಿಳಿಯುತ್ತಿಲ್ಲ. ತಲೆ ಮೊಂಡು. ಎಡಕ್ಕೆ ಒಂದಿಷ್ಟು ಇಳಿಯುವವರೆಗೆ, ಬಲಕ್ಕೆ ಅಷ್ಟೇ ಇಳಿಯುವವರೆಗೆ ತಿರುಗಿಸಿ ಗುರುತು ಹಾಕಿಸಿದೆ. ನಡುವೆ ನಿಲ್ಲಿಸಿ ಬೋಲ್ಟ್ ಬಿಗಿಸಿದೆವು. ಕೆಳಗಿಳಿದ ಹುಡುಗ "ಇದನ್ನ ಎಲ್ಲಿ ಕಲಿತ್ರಿ ಸಾರ್?" ಎಂದ. ಮಳೆ ಶುರುವಾಗಿತ್ತು, ಉತ್ತರ ಹೇಳುವಷ್ಟು ಪುರುಸೊತ್ತಿರಲಿಲ್ಲ.

ಹೋದ ವರ್ಷ ಕಾಲೇಜಿಗೆ ಬಂದಿದ್ದೆ. ಮೇಡಂ ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಲ್ಯಾಬಿನಲ್ಲಿ ನೆಟ್‌ವರ್ಕ್ ಅನಲೈಸರ್ ಬಂದಿದೆ, ಸ್ಮಿತ್ ಚಾರ್ಟನ್ನು ತಾನೇ ಬರೆಯುತ್ತದೆ. ಯಾವ ಕಡೆ ತಿರುಗಬೇಕು ಅಂತ ಒಬ್ಬ ವಿದ್ಯಾರ್ಥಿನಿಗೆ ದೊಡ್ಡದಾಗಿ ವಿವರಿಸಲು ಹೋದೆ. "ಸರ್, ಅದನ್ನ ಸ್ಕ್ರೀನೇ ತೋರಿಸುತ್ತೆ ಅಲ್ವಾ?" ಎಂದಳು. ಸರಿ ಅಂದೆ.

ಕ್ಲೈಸ್ಟ್ರಾನ್ ಇಲ್ಲ, ಫ್ಯಾನೂ ಇಲ್ಲ. ಹಳೆಯ ಸ್ಲಾಟೆಡ್ ಲೈನ್ ಮಾತ್ರ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಹೊದಿಕೆ ಸರಿಸಿ ತಿರುಪು ತಿರುಗಿಸಿದೆ. ಗಾಡಿ ಈಗಲೂ 10ರ ಹತ್ತಿರ ಸಿಕ್ಕಿಕೊಳ್ಳುತ್ತದೆ.