70 ಕಿಲೋಮೀಟರ್, 20 ನಿಮಿಷ

ತುಮಕೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟಿಂಗ್ ನನ್ನ ಕೆಲಸ. ಗುಬ್ಬಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು 14 ಜನರನ್ನು ನೇಪಾಳದ ಮುಕ್ತಿನಾಥ ಯಾತ್ರೆಗೆ ಕರೆದುಕೊಂಡು ಹೊರಟಿದ್ದರು. ಪೋಖರಾದಿಂದ ವಿಮಾನದಲ್ಲಿ ಜೋಮ್ಸೋಮ್‌ಗೆ ಹೋಗಿ, ಅಲ್ಲಿಂದ ಮುಕ್ತಿನಾಥಕ್ಕೆ ಹೋಗಬೇಕು. "ಪೋಖರಾದಿಂದ ಜೋಮ್ಸೋಮ್ ಎಷ್ಟು ದೂರ ಆಗುತ್ತಪ್ಪ?" ಅಂತ ಕೇಳಿದರು. "ನಮ್ಮ ತುಮಕೂರಿನಿಂದ ಬೆಂಗಳೂರಿಗೆ ಹೋದಷ್ಟೇ ಮೇಷ್ಟ್ರೇ. ನೇರ ಅಳೆದರೆ ಸುಮಾರು 70 ಕಿಲೋಮೀಟರ್, ವಿಮಾನದಲ್ಲಿ 20 ನಿಮಿಷ" ಅಂದೆ.

ಎರಡೂ ಸುಳ್ಳಲ್ಲ. ಆದರೆ ಅದನ್ನೇ ನಂಬಿ ವಾಪಸ್ ಪ್ರಯಾಣ ಕೂರಿಸಿದೆ. ಬೆಳಿಗ್ಗೆ ಜೋಮ್ಸೋಮ್‌ನಿಂದ ಪೋಖರಾ, ಮಧ್ಯಾಹ್ನ ಕಠ್ಮಂಡು, ಸಂಜೆ ದೆಹಲಿ. ಮೂರು ವಿಮಾನ, ಒಂದೇ ದಿನ. ನಡುವೆ ಒಂದು ದಿನ ಬಫರ್ ಅಂತ ಖಾಲಿ ಇಟ್ಟರೆ ರೇಟು ಜಾಸ್ತಿ ಆಗುತ್ತೆ, ಗ್ರೂಪ್ ಕೈತಪ್ಪುತ್ತೆ ಅಂತ ಓನರ್ ಹೇಳಿದ್ದರು. ಸಾಫ್ಟ್‌ವೇರ್ ಕೂಡ ತಕರಾರು ಮಾಡಲಿಲ್ಲ. ಅದಕ್ಕೆ ಗಂಟೆ ಲೆಕ್ಕ ಹೊಂದಿದರೆ ಸಾಕು.

ಆ ದಾರಿ ಹಾಗಿಲ್ಲ. ಒಂದು ಕಡೆ 8,091 ಮೀಟರಿನ ಅನ್ನಪೂರ್ಣ, ಇನ್ನೊಂದು ಕಡೆ 8,167 ಮೀಟರಿನ ಧೌಲಗಿರಿ. ನಡುವೆ ಕಾಳಿ ಗಂಡಕಿ ಕಣಿವೆ. ಟ್ವಿನ್ ಆಟರ್‌ನಂಥ ಸಣ್ಣ ವಿಮಾನ ಆ ಕಣಿವೆಯೊಳಗೇ ಹೋಗಬೇಕು, ಪೈಲಟ್ ಕಣ್ಣಿಗೆ ದಾರಿ ಕಾಣಬೇಕು. ಹೊತ್ತೇರಿದರೆ ಜೋರು ಗಾಳಿ ಏಳುತ್ತದೆ. ಅದಕ್ಕೇ ಅಲ್ಲಿ ಹಾರಾಟ ಬೆಳಗಿನ ಹೊತ್ತು ಮಾತ್ರ.

ವಾಪಸ್ ಹೊರಡುವ ದಿನ ಬೆಳಿಗ್ಗೆ ಏಳು ಗಂಟೆಗೆ ಮೇಷ್ಟ್ರ ಫೋನ್ ಬಂತು. "ಇಲ್ಲಿ ಆಕಾಶ ತಿಳಿಯಾಗಿದೆ ಕಣಪ್ಪ, ವಿಮಾನ ಮಾತ್ರ ಬಂದಿಲ್ಲ." ಮೋಡ ಇದ್ದದ್ದು ವಿಮಾನ ಬರಬೇಕಿದ್ದ ಪೋಖರಾ ಕಡೆ. ಜೋಮ್ಸೋಮ್ ಮಳೆ ನೆರಳಿನ ಊರು, ಅಲ್ಲಿ ನಿಂತವರಿಗೆ ಕೆಳಗಿನ ಮೋಡ ಗೊತ್ತಾಗುವುದಿಲ್ಲ. ಎಂಟಾಯಿತು. ಒಂಬತ್ತಕ್ಕೆ ಅಲ್ಲಿ ನಮ್ಮ ಗ್ರೂಪ್ ನೋಡಿಕೊಳ್ಳುವ ಹ್ಯಾಂಡ್ಲರ್ ಫೋನ್ ಮಾಡಿ, "ಜೀಪ್ ಇದೆ, ಈಗಲೇ ಹೊರಡಿಸಲಾ?" ಅಂತ ಕೇಳಿದ. ನಾನು ಬೇಡ ಅಂದೆ.

ಯಾಕೆ ಅಂದೆ? ವಿಮಾನದವರೇ ಕ್ಯಾನ್ಸಲ್ ಮಾಡಿದರೆ ಪೂರ್ತಿ ರೀಫಂಡ್. ನಾವೇ ಬಿಟ್ಟರೆ ನೋ-ಶೋ, ಅಂದರೆ ದುಡ್ಡು ಹೋದ ಹಾಗೆ. 14 ಟಿಕೆಟ್‌ನ ದುಡ್ಡು ನನ್ನ ತಲೆಯಲ್ಲಿತ್ತು, ಅಲ್ಲಿ ಕೂತಿದ್ದ ವಯಸ್ಸಾದವರು ಇರಲಿಲ್ಲ. ಹತ್ತು ಗಂಟೆಗೂ ಸ್ಟೇಟಸ್ ಡಿಲೇಡ್ ಅಂತಲೇ ಇತ್ತು. ನಾನು ಪದೇ ಪದೇ ರಿಫ್ರೆಶ್ ಮಾಡುತ್ತಾ ಕೂತೆ. ಹನ್ನೊಂದಕ್ಕೆ ಗಾಳಿ ಎದ್ದಿತು. ಆಮೇಲೆ ಕ್ಯಾನ್ಸಲ್ ಅಂತ ಹೇಳಿದರು.

ರಸ್ತೆಯಲ್ಲಿ ಅದು 70 ಅಲ್ಲ, 150 ಕಿಲೋಮೀಟರಿಗೂ ಮೇಲೆ. ಘಾಸಾ, ತಾತೋಪಾನಿ, ಬೇನಿ ದಾಟಿ ಬರಬೇಕು. ಮಳೆಗಾಲ ಆಗಷ್ಟೇ ಮುಗಿದಿತ್ತು, ದಾರಿ ತುಂಬ ಕೆಸರು. ಜೀಪ್ ಪೋಖರಾ ಮುಟ್ಟಿದಾಗ ರಾತ್ರಿ ಹತ್ತೂವರೆ. ಒಬ್ಬ ಅಜ್ಜಿಗೆ ಮಂಡಿ ಊದಿಕೊಂಡು ಇಳಿಯಲಿಕ್ಕೇ ಆಗಲಿಲ್ಲವಂತೆ. ಒಂಬತ್ತಕ್ಕೇ ಹೊರಡಿಸಿದ್ದರೂ ಕನೆಕ್ಷನ್ ತಪ್ಪುತ್ತಿತ್ತು, ನಿಜ. ಆದರೆ ಆ ಕತ್ತಲಲ್ಲಿ, ಆ ಕೊರಕಲಿನ ಅಂಚಿನಲ್ಲಿ ಅವರು ಬರಬೇಕಾಗಿರಲಿಲ್ಲ.

ಊರಿಗೆ ಬಂದ ಮೇಲೆ ಮೇಷ್ಟ್ರು ಆಫೀಸಿಗೆ ಬಂದರು. ಜಗಳ ಆಡಲಿಲ್ಲ. "ನೀನು ದೂರ ಸರಿಯಾಗೇ ಹೇಳಿದ್ದೆ ಬಿಡಪ್ಪ" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಈಗ ಮುಕ್ತಿನಾಥ ಅಂದರೆ ವಾಪಸ್ ಬರುವಾಗ ಪೋಖರಾದಲ್ಲಿ ಒಂದು ದಿನ ಖಾಲಿ ಇಡುತ್ತೇನೆ. ಮೊನ್ನೆ ತಿಪಟೂರಿನ ಗ್ರೂಪ್‌ಗೆ ಕೊಟೇಶನ್ ಮಾಡಿದಾಗ ಓನರ್ ಮತ್ತೆ ಆ ದಿನ ತೆಗೆ ಅಂದರು. ನಾನು ತೆಗೆಯಲಿಲ್ಲ. ಗ್ರೂಪ್ ಬೇರೆ ಏಜೆಂಟ್ ಹತ್ತಿರ ಹೋಯಿತು. ಅವರ ಲೀಡರ್‌ಗೆ ಫೋನ್ ಮಾಡಿ, ಎಲ್ಲೇ ಬುಕ್ ಮಾಡಿದರೂ ಆ ಒಂದು ದಿನ ಬಿಡಬೇಡಿ ಅಣ್ಣ ಅಂತ ಹೇಳಿದ್ದೇನೆ.